ಗುಜರಿ ಲಾರಿ ಬಂತಾ? ಕಟ್ಟರ್ ಹಚ್ಚುವ ಮುಂಚೆ ವಿಕಿರಣ ನೋಡಿ

ಬಳ್ಳಾರಿ, ಕೊಪ್ಪಳದ ಕಡೆ ಸ್ಪಾಂಜ್ ಐರನ್ ಜೊತೆ ಗುಜರಿ ಕರಗಿಸುವ ಫರ್ನೇಸ್ ಇಟ್ಟವರು, ಗುಜರಿ ಯಾರ್ಡ್ ನಡೆಸುವವರು, ಅಲ್ಲಿ ಗ್ಯಾಸ್ ಕಟ್ಟರ್ ಹಿಡಿಯುವ ಹುಡುಗರು ಇದನ್ನು ಓದಲೇಬೇಕು. ಹೊರದೇಶದಿಂದ ಬರುವ ಗುಜರಿಯಲ್ಲಿ ಹಳೇ ಆಸ್ಪತ್ರೆ ಮಷಿನ್ನಿನದೋ ಫ್ಯಾಕ್ಟರಿ ಗೇಜಿನದೋ ಒಂದು ಸಣ್ಣ ವಿಕಿರಣದ ತುಂಡು ಸೇರಿರಬಹುದು. ವಾಸನೆ ಇಲ್ಲ, ಸದ್ದಿಲ್ಲ. ಮೀಟರ್ ಇಲ್ಲದೆ ಅದು ಇದೆಯೋ ಇಲ್ಲವೋ ಹೇಳಲು ಆಗುವುದಿಲ್ಲ.

ಊರಿನ ಗುಜರಿಯಾದರೆ ಭಯವಿಲ್ಲ ಅಂತಲೂ ಅಲ್ಲ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರ್ಕೆಟ್ಟಿನಲ್ಲಿ ಒಬ್ಬರು ಸತ್ತರು, ಹಲವರು ಆಸ್ಪತ್ರೆ ಸೇರಿದರು. ಅದಕ್ಕೆ ಕಾರಣ ವಿಕಿರಣ ಸೂಸುವ ಕೋಬಾಲ್ಟ್-60 ಅನ್ನುವ ಲೋಹ. ಅದು ಇದ್ದದ್ದು ಅಲ್ಲಿನ ವಿಶ್ವವಿದ್ಯಾಲಯ ಹರಾಜಿಗೆ ಹಾಕಿದ ಹಳೇ ಯಂತ್ರದಲ್ಲಿ. ಹಾಗಾಗಿ ಬಾಗಿಲು ಹಾಕಿದ ಕಾರ್ಖಾನೆಯ ಮಷಿನ್ ಕೊಂಡಾಗಲೂ ಇದೇ ತಪಾಸಣೆ ಮಾಡಿ.

ಮೊದಲು ವಿಕಿರಣ ಅಳೆಯುವ ಒಂದು ಸರ್ವೇ ಮೀಟರ್ ಕೊಳ್ಳಿ. ಲಾರಿ ಇಲ್ಲದಾಗ ಖಾಲಿ ಯಾರ್ಡಿನಲ್ಲಿ ನಿಂತು ಎಷ್ಟು ತೋರಿಸುತ್ತದೆ ಅಂತ ಬರೆದಿಡಿ. ಗಂಟೆಗೆ 0.1ರಿಂದ 0.2 ಮೈಕ್ರೋಸೀವರ್ಟ್ (ವಿಕಿರಣ ಅಳೆಯುವ ಮಾನ) ಸಾಮಾನ್ಯ, ಆದರೆ ನಮ್ಮ ಕಡೆ ಗ್ರಾನೈಟ್ ಬೆಟ್ಟಗಳಿವೆ, ಆ ಕಲ್ಲಿನಲ್ಲೇ ಒಂಚೂರು ವಿಕಿರಣ ಇರುತ್ತದೆ, ಸ್ವಲ್ಪ ಜಾಸ್ತಿ ಬಂದರೂ ಗಾಬರಿ ಬೇಡ. ನಿಮ್ಮ ಯಾರ್ಡಿನ ಲೆಕ್ಕ ನಿಮಗೆ ಗೊತ್ತಿರಬೇಕು, ಅಷ್ಟೇ. ಲಾರಿ ವೇಬ್ರಿಡ್ಜ್ ಮೇಲೆ ನಿಂತಾಗ ಮೀಟರನ್ನು ಲಾರಿಯ ಮೈಯಿಂದ ಒಂದು ಗೇಣು ದೂರದಲ್ಲಿ ಹಿಡಿದು ಎರಡೂ ಬದಿ, ಹಿಂದೆ, ಕೆಳಗೆ ನಿಧಾನವಾಗಿ ಆಡಿಸಿ. ಬೇಗ ಬೇಗ ಆಡಿಸಿದರೆ ಮೀಟರಿಗೆ ಹಿಡಿಯಲು ಟೈಮ್ ಸಿಗುವುದಿಲ್ಲ.

ಬಹಳ ಜನ ಇಲ್ಲೇ ಮುಗಿಸಿಬಿಡುತ್ತಾರೆ. ಅದು ಸಾಲದು. ಲೋಡಿನ ನಡುವೆ ಇರುವ ತುಂಡನ್ನು ಸುತ್ತಲಿನ ಕಬ್ಬಿಣವೇ ಮರೆಮಾಡುತ್ತದೆ. ಅದಕ್ಕೇ ಇಳಿಸುವಾಗ ಮತ್ತೆ ನೋಡಿ, ಮ್ಯಾಗ್ನೆಟ್ ಎತ್ತಿದ ಪ್ರತಿ ರಾಶಿಗೂ ಮೀಟರ್ ಹಿಡಿಯಿರಿ. ಬಂದರಿನಲ್ಲಿ ತಪಾಸಣೆ ಆಗಿದೆ, ಸರ್ಟಿಫಿಕೇಟ್ ಇದೆ ಅಂತ ಸುಮ್ನೆ ನಂಬಿ ಕೂರಬೇಡಿ.

ಕಣ್ಣಿಗೂ ಕೆಲಸ ಕೊಡಿ. ಗಾತ್ರಕ್ಕೆ ಮೀರಿದ ತೂಕವಿರುವ ಡಬ್ಬಿ, ಒಳಗೆ ಸೀಸ ತುಂಬಿದ ದಪ್ಪ ಗೋಡೆ, ಫಳಫಳ ಹೊಳೆಯುವ ಬೆರಳುದ್ದದ ಕೊಳವೆ, ಹಳದಿ ಮೇಲೆ ಮೂರು ರೆಕ್ಕೆಯ ಗುರುತು, ಇಲ್ಲವೇ ಕೆಂಪು ತ್ರಿಕೋನದಲ್ಲಿ ತಲೆಬುರುಡೆ ಮತ್ತು ಓಡುವ ಮನುಷ್ಯ ಕಂಡರೆ ಕೈ ಹಿಂದಕ್ಕೆ ತೆಗೆಯಿರಿ. ಬಣ್ಣ ಕಿತ್ತುಹೋಗಿ ಗುರುತೇ ಇಲ್ಲದಿರಬಹುದು. ಸೀಸಕ್ಕೆ ಒಳ್ಳೇ ರೇಟ್ ಸಿಗುತ್ತದೆ ಅಂತ ಅಂಥ ಡಬ್ಬಿಯನ್ನು ಒಡೆಯಲು ಹೋಗುವುದೇ ದೊಡ್ಡ ಅಪಾಯ. ಬ್ರೆಜಿಲಿನ ಗೊಯಾನಿಯಾದಲ್ಲಿ 1987ರಲ್ಲಿ ಹಾಗೇ ಆಯಿತು. ಒಳಗಿದ್ದ, ವಿಕಿರಣ ಸೂಸುವ ಸೀಸಿಯಂ ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು, ಜನ ಅದನ್ನು ಮನೆಗೆ ಒಯ್ದರು, ಮಕ್ಕಳು ಮುಟ್ಟಿದರು. ನಾಲ್ಕು ಜನ ಸತ್ತರು.

ಮೀಟರ್ ಜಾಸ್ತಿ ತೋರಿಸಿತು ಅನ್ನಿ. ಫರ್ನೇಸಿನ ಹಳೇ ಇಟ್ಟಿಗೆ, ತೈಲಬಾವಿಯ ಪೈಪಿನೊಳಗಿನ ಕಿಟ್ಟ ಇದ್ದರೂ ಹಾಗೆ ತೋರಿಸುತ್ತದೆ, ಆದರೆ ಅದನ್ನು ತೀರ್ಮಾನಿಸುವುದು ನಿಮ್ಮ ಕೆಲಸವಲ್ಲ. ಕೆಲಸ ನಿಲ್ಲಿಸಿ, ಎಲ್ಲರೂ ದೂರ ಸರಿಯಿರಿ. ದೂರ ಎರಡು ಪಟ್ಟಾದರೆ ವಿಕಿರಣ ಕಾಲು ಭಾಗಕ್ಕಿಳಿಯುತ್ತದೆ. ಹಗ್ಗ ಕಟ್ಟಿ, 112ಕ್ಕೆ ಫೋನ್ ಮಾಡಿ, ಮುಂಬೈನ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೂ ತಿಳಿಸಿ. ಲಾರಿಯನ್ನು ವಾಪಸ್ ಕಳಿಸುವುದು, ರಾತ್ರಿ ಕಾಲುವೆ ಪಕ್ಕ ಸುರಿದು ಬರುವುದು ಖಂಡಿತ ಬೇಡ. ಲೋಡ್ ನಿಲ್ಲಿಸಿದ ಹುಡುಗನ ದಿನಗೂಲಿ ಹಿಡಿಯಬೇಡಿ, ಹಿಡಿದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ.

ಕರಗಿಸಿಬಿಟ್ಟರೆ ಆಮೇಲೆ ನಿಮ್ಮ ಕೈಯಲ್ಲಿಲ್ಲ. ಕೋಬಾಲ್ಟ್ ಉಕ್ಕಿನಲ್ಲೇ ಸೇರಿಹೋಗುತ್ತದೆ, ಸೀಸಿಯಂ ಹೊಗೆಯಾಗಿ ಎದ್ದು ಫಿಲ್ಟರಿನ ಧೂಳಿನಲ್ಲಿ ಕೂರುತ್ತದೆ. 1980ರ ದಶಕದಲ್ಲಿ ಮೆಕ್ಸಿಕೋದಲ್ಲಿ ಕೋಬಾಲ್ಟ್ ಸೇರಿದ ಕಂಬಿಯಿಂದ ಕಟ್ಟಿದ ಮನೆಗಳನ್ನೇ ಕೆಡವಬೇಕಾಯಿತು. 2008ರಲ್ಲಿ ನಮ್ಮ ದೇಶದ ಉಕ್ಕಿನಿಂದ ಮಾಡಿದ ಲಿಫ್ಟ್ ಬಟನ್‌ಗಳಲ್ಲಿ ಫ್ರಾನ್ಸಿನವರು ಕೋಬಾಲ್ಟ್ ಕಂಡುಹಿಡಿದರು.

ಯಾರು ಮುಟ್ಟಿದರು, ಯಾರು ಎಷ್ಟು ಹೊತ್ತು ಹತ್ತಿರ ಇದ್ದರು ಅಂತ ಹೆಸರು ಸಮೇತ ಬರೆದಿಡಿ. ವಿಕಿರಣದ ಸುಟ್ಟ ಗಾಯ ಅವತ್ತೇ ಕಾಣುವುದಿಲ್ಲ, ಎಷ್ಟೋ ದಿನ ಬಿಟ್ಟು ಕೈ ಕೆಂಪಾಗುತ್ತದೆ, ಬೊಬ್ಬೆ ಏಳುತ್ತದೆ, ಕೂದಲು ಉದುರುತ್ತದೆ. ವಾಂತಿ ಮಾತ್ರ ಬೇಗ ಬರಬಹುದು. ಡಾಕ್ಟರ್ ಹತ್ತಿರ ಹೋದಾಗ, ಅವರು ಕೇಳುವ ಮುಂಚೆಯೇ, ನಾನು ಗುಜರಿ ಕತ್ತರಿಸುವ ಕೆಲಸ ಮಾಡುತ್ತೇನೆ ಅಂತ ಹೇಳಿಬಿಡಿ.