ಪರದೇಶದ ಕೆಲಸ: ಹುಮ್ಮಸ್ಸು ಇಳಿಯುವ ಮುಂಚೆ ಇಷ್ಟು ಮಾಡಿಕೊಳ್ಳಿ

ಹೊಸ ದೇಶಕ್ಕೆ ಕೆಲಸಕ್ಕೆ ಹೋದ ಮೊದಲ ಎರಡು ಮೂರು ವಾರ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಬಸ್ ಸ್ಟಾಪಿನ ಫೋಟೋ ಕೂಡ ತೆಗೆದು ಮನೆಗೆ ಕಳಿಸುತ್ತೀರಿ. ಆ ಹುಮ್ಮಸ್ಸನ್ನೆಲ್ಲ ಸುತ್ತಾಟದಲ್ಲೇ ಮುಗಿಸಬೇಡಿ. ಬ್ಯಾಂಕ್ ಖಾತೆ, ವಿಳಾಸದ ನೋಂದಣಿ, ತೆರಿಗೆ ನಂಬರ್, ವಿಮೆ, ಜ್ವರ ಬಂದರೆ ಯಾವ ಡಾಕ್ಟರ ಹತ್ತಿರ ಹೋಗಬೇಕು ಅನ್ನುವುದು, ಇಂಥ ತಲೆನೋವಿನ ಕೆಲಸಗಳನ್ನೆಲ್ಲ ಈ ದಿನಗಳಲ್ಲೇ ಮುಗಿಸಿಬಿಡಿ. ಯಾಕಂದ್ರೆ ಮೂರನೇ ತಿಂಗಳ ಹೊತ್ತಿಗೆ ಒಂದು ಫಾರ್ಮ್ ತುಂಬುವುದಕ್ಕೂ ಕೈ ಏಳುವುದಿಲ್ಲ.

ನನಗೆ ಆ ಸ್ಥಿತಿ ಬಂದಿದ್ದು ಬಟ್ಟೆ ಒಗೆಯುವ ವಿಷಯದಲ್ಲಿ. ಅಂಗಡಿಯಲ್ಲಿ ಬಾಟಲಿಯ ಮೇಲೆ ಬಟ್ಟೆಯ ಚಿತ್ರ ನೋಡಿ ತಂದಿದ್ದೆ, ಅಕ್ಷರ ಓದಲು ಬರುತ್ತಿರಲಿಲ್ಲ. ಮೂರು ವಾರ ಒಗೆದೆ. ಘಮಘಮ ಅನ್ನುತ್ತಿತ್ತು, ಕಾಲರಿನ ಕೊಳೆ ಮಾತ್ರ ಇದ್ದ ಹಾಗೇ ಇತ್ತು. ಕೊನೆಗೊಂದು ರಾತ್ರಿ ಫೋನಿನ ಕ್ಯಾಮೆರಾ ಹಿಡಿದು ಅನುವಾದ ಮಾಡಿಸಿ ನೋಡಿದರೆ, ಅದು ಸೋಪೇ ಅಲ್ಲ, ಒಗೆದಾದ ಮೇಲೆ ಬಟ್ಟೆ ಮೆತ್ತಗಾಗಲಿ ಅಂತ ಹಾಕುವ ನೀರು. ನಗು ಬರಬೇಕಿತ್ತು. ವಾಷಿಂಗ್ ಮೆಷಿನ್ ಮುಂದೆ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಇದಕ್ಕೊಂದು ಹೆಸರಿದೆ. ‘ಕಲ್ಚರ್ ಶಾಕ್’ ಅನ್ನುವ ಮಾತನ್ನು ಜನಕ್ಕೆ ಪರಿಚಯ ಮಾಡಿದ ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್ 1954ರಲ್ಲಿ ಬ್ರೆಜಿಲ್‌ನಲ್ಲಿ ಇದರ ಬಗ್ಗೆಯೇ ಭಾಷಣ ಮಾಡಿದ್ದ. ಅವನ ಪ್ರಕಾರ ನಮ್ಮನ್ನು ಕಂಗೆಡಿಸುವುದು ದೊಡ್ಡ ವಿಷಯಗಳಲ್ಲ. ಯಾವಾಗ ಕೈ ಕುಲುಕಬೇಕು, ಎಷ್ಟು ಟಿಪ್ಸ್ ಕೊಡಬೇಕು, ಯಾರ ಮಾತನ್ನು ನಿಜ ಅಂದುಕೊಳ್ಳಬೇಕು ಅನ್ನುವಂಥ, ಯೋಚನೆ ಮಾಡದೆ ಗೊತ್ತಾಗುತ್ತಿದ್ದ ನೂರಾರು ಸಣ್ಣ ಸುಳಿವುಗಳು ಒಮ್ಮೆಲೇ ಇಲ್ಲದಂತಾಗುವುದು. ಹಾಗಾಗಿ ದಿನವಿಡೀ ತಲೆ ದುಡಿಯುತ್ತಲೇ ಇರುತ್ತದೆ. ಸಂಜೆ ಏಳಕ್ಕೇ ನಿದ್ದೆ ಬಂದರೆ ನೀವು ಸೋಮಾರಿ ಆಗಿಬಿಟ್ಟಿರಿ ಅಂತಲ್ಲ.

ಆಫೀಸಿನಲ್ಲಿ ಈ ಸುಳಿವುಗಳ ಪೆಟ್ಟು ಜಾಸ್ತಿ. ಮ್ಯಾನೇಜರ್ ಒಮ್ಮೆ ‘ಬಿಡುವಾದಾಗ ಇದನ್ನು ನೋಡ್ತೀರಾ?’ ಅಂದರು. ನಾನು ಬಿಡುವಾಗಲಿ ಅಂತ ಕಾದೆ. ಅದು ಅಪ್ಪಣೆ, ಅದೂ ಅವತ್ತೇ ಮುಗಿಸಬೇಕಾದ್ದು ಅಂತ ಗೊತ್ತಾಗಿದ್ದು ಮಾರನೇ ದಿನ ಮೀಟಿಂಗ್‌ನಲ್ಲಿ ಎಲ್ಲರೂ ನನ್ನ ಕಡೆ ತಿರುಗಿದಾಗ. ಕೆಲವು ಕಡೆ ನೇರವಾಗಿ ಹೇಳುತ್ತಾರೆ, ಅದು ನಮಗೆ ಒರಟು ಅನ್ನಿಸುತ್ತದೆ. ಕೆಲವು ಕಡೆ ಸುತ್ತಿ ಬಳಸಿ ಹೇಳುತ್ತಾರೆ, ಅದು ನಮಗೆ ಅರ್ಥವೇ ಆಗುವುದಿಲ್ಲ. ಎರಡಕ್ಕೂ ಒಂದೇ ಮದ್ದು: ‘ಯಾವತ್ತಿಗೆ ಬೇಕು?’ ಅಂತ ಕೇಳಿ, ಆಮೇಲೆ ಒಪ್ಪಿಕೊಂಡಿದ್ದನ್ನು ಎರಡು ಸಾಲಿನಲ್ಲಿ ಬರೆದು ಕಳಿಸಿ. ನಿಮಗಿಂತ ಒಂದೆರಡು ವರ್ಷ ಮುಂಚೆ ಹೊರಗಿನಿಂದ ಬಂದ ಸಹೋದ್ಯೋಗಿ ಇದ್ದರೆ ಅವರನ್ನು ಬಿಡಬೇಡಿ. ಅಲ್ಲೇ ಹುಟ್ಟಿ ಬೆಳೆದವರಿಗೆ ನಿಮ್ಮ ಪ್ರಶ್ನೆಯೇ ಅರ್ಥವಾಗದಿರಬಹುದು, ಇವರು ಅದೇ ಗುಂಡಿಗೆ ಬಿದ್ದು ಎದ್ದವರು.

ಒಂದು ವಿಷಯದಲ್ಲಿ ಮಾತ್ರ ಸಂಕೋಚ ಬೇಡ. ಪಾಸ್‌ಪೋರ್ಟ್ ನಿಮ್ಮ ಹತ್ತಿರವೇ ಇರಬೇಕು. ವೀಸಾ ಕೆಲಸಕ್ಕೆ ನಾಲ್ಕು ದಿನ ಕೊಡುವುದು ಬೇರೆ, ‘ಸೇಫ್ ಆಗಿರಲಿ’ ಅಂತ ಮಾಲೀಕರು ಬೀರುವಿನಲ್ಲಿಟ್ಟು ಬೀಗ ಹಾಕುವುದು ಬೇರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಬಲವಂತದ ದುಡಿಮೆಗೆ ಕೊಟ್ಟಿರುವ 11 ಲಕ್ಷಣಗಳಲ್ಲಿ ಗುರುತಿನ ದಾಖಲೆ ಕಿತ್ತಿಟ್ಟುಕೊಳ್ಳುವುದೂ ಒಂದು. ನಿಮ್ಮ ದೇಶದ ರಾಯಭಾರ ಕಚೇರಿಯ ನಂಬರನ್ನು ಫೋನಿನಲ್ಲೂ ಕಾಗದದಲ್ಲೂ ಬರೆದಿಟ್ಟುಕೊಳ್ಳಿ. ಪೊಲೀಸರು ಹಿಡಿದರೆ, ರಾಯಭಾರ ಕಚೇರಿಗೆ ತಿಳಿಸಿ ಅಂತ ಕೇಳುವ ಹಕ್ಕು, ದೇಶಗಳ ನಡುವಿನ ಕಾನ್ಸುಲರ್ ಸಂಬಂಧಗಳ ಕುರಿತ 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಲ್ಲಿದೆ. ಕೆಲಸದ ಒಪ್ಪಂದ ಅರ್ಥವಾಗದ ಭಾಷೆಯಲ್ಲಿದ್ದರೆ ಸಹಿ ಹಾಕುವ ಮುಂಚೆ ಅನುವಾದ ಮಾಡಿಸಿ. ನೋಟಿಸ್ ಪೀರಿಯಡ್ ಎಷ್ಟು, ಕೆಲಸ ಹೋದರೆ ವೀಸಾ ಎಷ್ಟು ದಿನ ಉಳಿಯುತ್ತದೆ, ಈ ಎರಡು ಸಾಲು ಮೊದಲು ಹುಡುಕಿ.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಹಳೆಯ ಸಿಮ್ ಸಾಯಲು ಬಿಡಬೇಡಿ, ಬ್ಯಾಂಕಿನ ಓಟಿಪಿ ಅದಕ್ಕೇ ಬರುವುದು. ಮನೆಗೆ ಹಣ ಕಳಿಸುವಾಗ ‘ಶುಲ್ಕ ಇಲ್ಲ’ ಅನ್ನುವ ಬೋರ್ಡ್ ನಂಬಬೇಡಿ. ಶುಲ್ಕ ಬಿಟ್ಟವರು ವಿನಿಮಯ ದರದಲ್ಲಿ ಕತ್ತರಿಸುತ್ತಾರೆ. ಕೊನೆಗೆ ಮನೆಯವರ ಕೈಗೆ ಎಷ್ಟು ಸೇರುತ್ತದೆ ಅನ್ನುವುದೊಂದನ್ನೇ ಹೋಲಿಸಿ. ಈ ಖರ್ಚು 2030ರ ಹೊತ್ತಿಗೆ ಶೇ. 3ಕ್ಕಿಂತ ಕಡಿಮೆ ಆಗಬೇಕು ಅನ್ನುವುದು ವಿಶ್ವಸಂಸ್ಥೆಯ ಗುರಿ. ನಿಮ್ಮದು ಎಷ್ಟು ಬೀಳುತ್ತಿದೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ.

ಇನ್ನು ಬೇಸರದ ಮಾತು. ನಾರ್ವೆಯ ಸಮಾಜಶಾಸ್ತ್ರಜ್ಞ ಸ್ವೆರ್ರೆ ಲಿಸ್‌ಗೋರ್ 1955ರಲ್ಲಿ, ಅಮೆರಿಕಕ್ಕೆ ಹೋಗಿಬಂದ ಸುಮಾರು 200 ನಾರ್ವೇಜಿಯನ್ನರನ್ನು ವಿಚಾರಿಸಿ ಒಂದು ಲೇಖನ ಬರೆದ. ಆರು ತಿಂಗಳಿಗಿಂತ ಕಡಿಮೆ ಇದ್ದವರೂ, ಒಂದೂವರೆ ವರ್ಷ ದಾಟಿದವರೂ ಚೆನ್ನಾಗಿಯೇ ಇದ್ದರು, ಹೊಂದಿಕೊಳ್ಳಲು ಕಷ್ಟಪಟ್ಟವರು ನಡುವಿನವರು. ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. ಆದರೂ ಎಂಟನೇ ತಿಂಗಳಲ್ಲಿ ‘ವಾಪಸ್ ಹೋಗಿಬಿಡೋಣ’ ಅನ್ನಿಸಿದರೆ ಅವತ್ತೇ ರಾಜೀನಾಮೆ ಬರೆಯಬೇಡಿ. ಮನೆಗೆ ದಿನಕ್ಕೆ ಮೂರು ಸಲ ವಿಡಿಯೋ ಕಾಲ್ ಮಾಡುತ್ತಿದ್ದರೆ ಒಂದಕ್ಕೆ ಇಳಿಸಿ. ವಾರಕ್ಕೊಮ್ಮೆ ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ಹೋಗಿ, ಮೈದಾನವೋ ಲೈಬ್ರರಿಯೋ ಯಾವುದಾದರೂ ಸರಿ. ಆರನೇ ವಾರಕ್ಕೆ ಯಾರೋ ಒಬ್ಬರು ತಲೆಯಾಡಿಸುತ್ತಾರೆ. ಆದರೆ ನಿದ್ದೆಯೂ ಊಟವೂ ವಾರಗಟ್ಟಲೆ ಕೆಟ್ಟಿದ್ದರೆ ಅದು ಬರೀ ಬೇಸರ ಅಲ್ಲ, ಡಾಕ್ಟರಿಗೆ ತೋರಿಸಿ.

ರಜೆಗೆ ಮನೆಗೆ ಬಂದಾಗಲೂ ಒಂದು ಪೆಟ್ಟು ಕಾದಿರುತ್ತದೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ನೀವು ಬದಲಾಗಿರುತ್ತೀರಿ, ನಿಮಗೇ ಗೊತ್ತಿರುವುದಿಲ್ಲ. ಮೊದಲ ಒಂದು ವಾರ ಹೋಲಿಕೆ ಮಾತ್ರ ಮಾಡಬೇಡಿ. ನಾನು ಮೊದಲ ಸಲ ಬಂದಾಗ ‘ಅಲ್ಲಿ ಹೀಗಿಲ್ಲ’ ಅಂತ ಎಷ್ಟು ಸಲ ಅಂದೆ ಅಂತ ತಂಗಿ ಗೋಡೆಯ ಕ್ಯಾಲೆಂಡರಿನ ಮೇಲೆ ಗೀಟು ಹಾಕುತ್ತಿದ್ದಳು. ಎರಡನೇ ದಿನ ಸಂಜೆ ಅವಳು ತೋರಿಸಿದಾಗ ಹದಿನೇಳು ಗೀಟು ಇತ್ತು.