ಜಂಟಿ ಕಮಾಂಡ್ ಬೇಕಾ ಬೇಡ್ವಾ: ಹೂಂ ಅನ್ನುವ ಮೊದಲು ಏನು ನೋಡಬೇಕು

ನಾಲ್ಕಾರು ದೇಶಗಳ ಸೈನ್ಯವನ್ನು ಒಬ್ಬ ಕಮಾಂಡರ್ ಕೈಗೆ ಕೊಡಬೇಕಾ ಅನ್ನುವ ಚರ್ಚೆ ಬಂದಾಗ ಒಗ್ಗಟ್ಟು, ಸ್ವಾಭಿಮಾನ ಅಂತ ಎರಡೂ ಕಡೆ ಭಾಷಣ ಜಾಸ್ತಿ. ಅದನ್ನು ಪಕ್ಕಕ್ಕಿಡಿ. ಒಪ್ಪಂದದಲ್ಲಿ ಮೊದಲು ಹುಡುಕಬೇಕಾದ್ದು ಒಂದೇ: "ಆಗಲ್ಲ" ಅನ್ನುವ ಹಕ್ಕು ಯಾರ ಹತ್ತಿರ ಉಳಿದಿದೆ?

1999ರ ಜೂನ್ ನೋಡಿ. ಕೊಸೊವೊ ಯುದ್ಧ ಆಗಷ್ಟೇ ನಿಂತಿತ್ತು, ಅಮೆರಿಕ-ಯುರೋಪ್ ದೇಶಗಳ ಸೇನಾಕೂಟ ನ್ಯಾಟೋದ ಪಡೆ ಅಲ್ಲಿಗೆ ಹೋಗುತ್ತಿತ್ತು. ಅಲ್ಲಿನ ಪ್ರಿಸ್ಟಿನಾ ವಿಮಾನ ನಿಲ್ದಾಣಕ್ಕೆ ರಷ್ಯಾದ ಸೈನಿಕರು ಮೊದಲೇ ಬಂದು ಕೂತಿದ್ದರು. ರನ್‌ವೇಗೆ ಅಡ್ಡ ನಿಲ್ಲಿ ಅಂತ ನ್ಯಾಟೋದ ಮುಖ್ಯ ಕಮಾಂಡರ್, ಅಮೆರಿಕದ ವೆಸ್ಲಿ ಕ್ಲಾರ್ಕ್ ಆದೇಶ ಕೊಟ್ಟರು. ಅಲ್ಲಿ ಅವರ ಕೈಕೆಳಗೆ ನ್ಯಾಟೋ ಪಡೆ ನಡೆಸುತ್ತಿದ್ದ ಬ್ರಿಟಿಷ್ ಜನರಲ್ ಮೈಕ್ ಜಾಕ್ಸನ್, ನಿಮಗೋಸ್ಕರ ನಾನು ಮೂರನೇ ಮಹಾಯುದ್ಧ ಶುರು ಮಾಡಲ್ಲ ಅಂದುಬಿಟ್ಟರು. ಲಂಡನ್ ಅವರ ಬೆನ್ನಿಗೆ ನಿಂತಿತು, ಆದೇಶ ಅಲ್ಲೇ ಬಿತ್ತು. ಹಾಗಾದರೆ ಕಮಾಂಡ್ ಯಾರದ್ದಾಗಿತ್ತು? ಕಾಗದದಲ್ಲಿ ಕ್ಲಾರ್ಕ್ ಅವರದ್ದು, ಅಷ್ಟೇ.

ಇದನ್ನು ಬರೀ ದೋಷ ಅಂತ ತಿಳಿಯಬೇಡಿ. ಮೊದಲನೇ ಮಹಾಯುದ್ಧದಲ್ಲಿ, 1918ರಲ್ಲಿ ಜರ್ಮನ್ನರು ನುಗ್ಗಿ ಬಂದಾಗ ಫ್ರಾನ್ಸಿನ ಜನರಲ್ ಫೋಶ್ ಕೈಗೆ ಮಿತ್ರಸೇನೆಗಳ ನೇತೃತ್ವ ಕೊಟ್ಟರಲ್ಲ, ಆಗಲೂ ತನ್ನ ಸೈನ್ಯಕ್ಕೆ ಅಪಾಯ ಅನ್ನಿಸಿದರೆ ಪ್ರತಿ ದೇಶದ ಸೇನಾಪತಿಯೂ ತನ್ನ ಸರ್ಕಾರದ ಮೊರೆ ಹೋಗಬಹುದು ಅಂತ ಬರೆದೇ ಇಟ್ಟಿದ್ದರು. ಆದರೂ ಕೆಲಸ ನಡೆಯಿತು, ಯಾಕೆಂದರೆ ಎದುರಾಳಿ ಒಬ್ಬನೇ, ಅವನು ಕಣ್ಣೆದುರೇ ಇದ್ದ.

ಆಮೇಲೆ ಷರತ್ತು ಓದಿ. ನ್ಯಾಟೋದ 5ನೇ ವಿಧಿ ಅಂದರೆ ಒಂದು ಸದಸ್ಯ ದೇಶದ ಮೇಲೆ ದಾಳಿಯಾದರೆ ಎಲ್ಲರೂ ಯುದ್ಧಕ್ಕೆ ಇಳಿಯಲೇಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ, ಪ್ರತಿ ದೇಶವೂ ತನಗೆ ಅಗತ್ಯ ಅನ್ನಿಸಿದ ಕ್ರಮ ತೆಗೆದುಕೊಳ್ಳಬೇಕು ಅಂತಿದೆ. ಅಫ್ಘಾನಿಸ್ತಾನದಲ್ಲಿ ಕೆಲವು ದೇಶಗಳು ನಮ್ಮವರು ಇಂಥ ಪ್ರದೇಶ ಬಿಟ್ಟು ಹೋಗಲ್ಲ, ಇಂಥ ಕಾರ್ಯಾಚರಣೆ ಮಾಡಲ್ಲ ಅಂತ ಮೊದಲೇ ಪಟ್ಟಿ ಕೊಟ್ಟಿದ್ದವು. ಒಟ್ಟು ಎಷ್ಟು ಸೈನಿಕರು ಅಂತ ಕೇಳಿದರೆ ಸಾಲದು, ಕರೆದಾಗ ಬರುವವರು ಎಷ್ಟು ಅಂತ ಕೇಳಿ.

ಕುರ್ಚಿ ಯಾರದ್ದು ಅಂತಲೂ ನೋಡಿ. ನ್ಯಾಟೋದ ಮುಖ್ಯ ಕಮಾಂಡರ್ ಹುದ್ದೆಯಲ್ಲಿ 1951ರ ಐಸೆನ್‌ಹೋವರ್‌ನಿಂದ ಹಿಡಿದು ಎಲ್ಲರೂ ಅಮೆರಿಕದವರೇ.

ನನ್ನ ಲೆಕ್ಕ ಇಷ್ಟು: ಬೆದರಿಕೆ ಒಂದೇ ಆಗಿದ್ದು, ಶಾಂತಿಯ ಕಾಲದಲ್ಲೇ ಸೈನ್ಯಗಳು ಒಟ್ಟಿಗೆ ತಾಲೀಮು ಮಾಡುತ್ತಿದ್ದರೆ ಜಂಟಿ ಕಮಾಂಡ್ ಬೇಕು. ಇಲ್ಲದಿದ್ದರೆ ಸುಮ್ನೆ ಒಂದು ಕಚೇರಿ, ಒಂದು ಬಾವುಟ.

ಕೊನೆಗೆ, ಹೊರಬರುವ ದಾರಿ. ಫ್ರಾನ್ಸ್ 1966ರಲ್ಲಿ ನ್ಯಾಟೋ ಕೂಟದಲ್ಲಿದ್ದುಕೊಂಡೇ ಅದರ ಜಂಟಿ ಕಮಾಂಡ್‌ನಿಂದ ಎದ್ದು ಹೋಯಿತು, 2009ರಲ್ಲಿ ವಾಪಸ್ ಬಂತು. ದಕ್ಷಿಣ ಕೊರಿಯಾ 1950ರಲ್ಲಿ ಯುದ್ಧದ ನಡುವೆ ಅವಸರದಲ್ಲಿ ತನ್ನ ಸೈನ್ಯವನ್ನು ಅಮೆರಿಕದ ಜನರಲ್ ಮೆಕಾರ್ಥರ್ ಕೈಗೆ ಒಪ್ಪಿಸಿತ್ತು. ಶಾಂತಿಕಾಲದ ಹಿಡಿತ ಮರಳಿ ಸಿಕ್ಕಿದ್ದೇ 1994ರಲ್ಲಿ. ಯುದ್ಧಕಾಲದ್ದು ಆಗಲೂ ಅಮೆರಿಕದ ಜನರಲ್ ಮುಖ್ಯಸ್ಥನಾಗಿರುವ ಜಂಟಿ ಕಮಾಂಡ್‌ನಲ್ಲೇ ಉಳಿಯಿತು.