ಹಬ್ಬದ ಊಟದಲ್ಲಿ ಉಳಿದ ಟರ್ಕಿ

ಇಂಗ್ಲೆಂಡಿನ ಲೆಸ್ಟರಿಗೆ ಬಂದು ಮೂವತ್ತು ವರ್ಷ ಮೀರಿದರೂ, ಡಿಸೆಂಬರ್ 25ರ ಮಧ್ಯಾಹ್ನ ಓವನ್ನಿನಿಂದ ಹೊರಬರುವ ಟರ್ಕಿ ಕೋಳಿಯ ಗಾತ್ರ ಕಂಡಾಗಲೆಲ್ಲ ಇದನ್ನು ತಿಂದು ಮುಗಿಸುವವರು ಯಾರಪ್ಪಾ ಎಂದು ನನಗೆ ಅನ್ನಿಸುತ್ತದೆ. ಆರು ಜನರಿರುವ ನಮ್ಮ ಮನೆಗೆ ಐದು ಕಿಲೋ ತೂಗುವ ಹಕ್ಕಿ ಬಂದರೆ ಸುಮಾರು ಅರ್ಧ ಉಳಿಯುತ್ತದೆ. ಮಂಡ್ಯದ ಕಡೆಯ ನಮ್ಮ ತವರಿನಲ್ಲಿ ನಾಟಿ ಕೋಳಿ ಕೊಯ್ದ ದಿನ ರಾತ್ರಿಯೊಳಗೆ ಪಾತ್ರೆ ತೊಳೆದು ಬೋರಲು ಹಾಕಿರುತ್ತಿದ್ದೆವು. ಹೀಗಾಗಿ ಬೆಂದ ಮಾಂಸವನ್ನು ಕಾಪಿಡುವುದನ್ನು ನಾನು ಕಲಿತದ್ದು ಇಲ್ಲಿಯೇ, ಅದೂ ಒಮ್ಮೆ ಪೆಟ್ಟು ತಿಂದ ಮೇಲೆ.

ಆ ವರ್ಷ ಎರಡು ಗಂಟೆಗೆ ಊಟಕ್ಕೆ ಕುಳಿತೆವು, ಮೂರಕ್ಕೆ ಟಿವಿಯಲ್ಲಿ ರಾಣಿಯ ಕ್ರಿಸ್‌ಮಸ್ ಭಾಷಣ ಕೇಳಿದೆವು, ಆಮೇಲೆ ಎಲ್ಲರೂ ಕುಳಿತಲ್ಲೇ ತೂಕಡಿಸಿದೆವು. ನಾನು ಎದ್ದು ಮೇಜು ತೆರವು ಮಾಡುವಾಗ ಏಳು ಗಂಟೆ ದಾಟಿತ್ತು, ಟರ್ಕಿ ಅಷ್ಟು ಹೊತ್ತೂ ಹೀಟರ್ ಹಾಕಿದ್ದ ಬೆಚ್ಚನೆಯ ಕೋಣೆಯಲ್ಲೇ ಇತ್ತು. ಚೆನ್ನಾಗಿ ಕುದಿಸಿದರೆ ಏನೂ ಆಗುವುದಿಲ್ಲವೆಂದುಕೊಂಡು ಮರುದಿನ ಸಾರು ಮಾಡಿದೆ, ನಾನೂ ನಮ್ಮ ಯಜಮಾನರೂ ಎರಡು ದಿನ ಹೊಟ್ಟೆ ಹಿಡಿದುಕೊಂಡು ಮಲಗಿದೆವು. ಮಾಂಸ ಬೆಚ್ಚಗೆ ಕುಳಿತಷ್ಟು ಹೊತ್ತೂ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಕೆಲವು ಜಾತಿಯವು ಬಿಟ್ಟುಹೋಗುವ ವಿಷ ಮತ್ತೆ ಕುದಿಸಿದರೂ ನಾಶವಾಗುವುದಿಲ್ಲ, ಮೂಸಿ ನೋಡಿದರೂ ಗೊತ್ತಾಗುವುದಿಲ್ಲ ಎಂಬುದು ನನಗಾಗ ತಿಳಿದಿರಲಿಲ್ಲ.

ಅಂದಿನಿಂದ ಭಾಷಣ ಮುಗಿದ ಕೂಡಲೇ ಚಾಕು ಹಿಡಿದು ನಿಲ್ಲುತ್ತೇನೆ. ಬಡಿಸಿದ ಮೇಲೆ ಒಂದರಿಂದ ಎರಡು ಗಂಟೆಯೊಳಗೆ ಮಾಂಸ ಫ್ರಿಜ್ ಸೇರಬೇಕು. ಹಕ್ಕಿಯನ್ನು ಇಡಿಯಾಗಿ ಒಳಗೆ ತಳ್ಳಿದರೆ ಅದರ ನಡುಭಾಗ ಆರಲು ಬಹಳ ಹೊತ್ತು ಬೇಕಾಗುತ್ತದೆ, ಆದ್ದರಿಂದ ಮೊದಲು ಹೊಟ್ಟೆಯೊಳಗೆ ತುಂಬಿದ್ದ ಹೂರಣ (ಸ್ಟಫಿಂಗ್) ತೆಗೆದು ಬೇರೆ ಡಬ್ಬಿಗೆ ಹಾಕಿ, ಆಮೇಲೆ ಎದೆಯ ಎರಡು ಹೋಳುಗಳನ್ನು ಎಲುಬಿಗೆ ತಾಗಿದಂತೆ ಚಾಕು ಇಳಿಸಿ ಇಡಿಯಾಗಿ ಬಿಡಿಸಿ, ತೊಡೆಯ ಮಾಂಸವನ್ನು ಕೈಯಿಂದಲೇ ಕಿತ್ತು, ಎಲ್ಲವನ್ನೂ ಅಗಲವಾದ, ಆಳವಿಲ್ಲದ ಡಬ್ಬಿಗಳಲ್ಲಿ ಹರಡುತ್ತೇನೆ. ಹಕ್ಕಿಯನ್ನು ಮಗುಚಿದರೆ ಬೆನ್ನಿನ ಇಕ್ಕೆಲದಲ್ಲಿ, ತೊಡೆ ಕೂಡುವ ಗುಳಿಯಲ್ಲಿ, ನೆಲ್ಲಿಕಾಯಿಗಿಂತ ತುಸು ದೊಡ್ಡದಾದ ಎರಡು ತುಣುಕುಗಳು ಸಿಗುತ್ತವೆ. ಇಡೀ ಟರ್ಕಿಯಲ್ಲಿ ಅಷ್ಟು ಮೆತ್ತಗಿನ ಮಾಂಸ ಇನ್ನೊಂದಿಲ್ಲ. ಅವು ಡಬ್ಬಿ ಸೇರುವುದಿಲ್ಲ, ಕೆಲಸ ಮಾಡಿದವರ ಬಾಯಿ ಸೇರುತ್ತವೆ.

ಎದೆಮಾಂಸವನ್ನೂ ತೊಡೆಯನ್ನೂ ಬೆರೆಸದೆ ಇಡಿ. ಎದೆಯಲ್ಲಿ ಕೊಬ್ಬು ಕಡಿಮೆಯಾದ್ದರಿಂದ ಅದು ಬೇಗ ಒಣಗುತ್ತದೆ, ಅದರ ಮೇಲೆ ನಾಲ್ಕು ಚಮಚ ಗ್ರೇವಿ ಸುರಿದು ಮುಚ್ಚಳ ಹಾಕಬೇಕು. ಮರುದಿನ ಟರ್ಕಿಗೆ ಒಂದು ಬಗೆಯ ಹಳಸಲು ವಾಸನೆ ಬರುತ್ತದೆಂದು ಹಲವರು ದೂರುತ್ತಾರೆ. ಬೆಂದ ಮಾಂಸದ ಕೊಬ್ಬು ಗಾಳಿಗೆ ಒಡ್ಡಿಕೊಂಡಾಗ ಆಗುವ ಬದಲಾವಣೆ ಅದು, ಗ್ರೇವಿ ಗಾಳಿಯನ್ನು ತಡೆಯುವುದರಿಂದ ಆ ವಾಸನೆಯೂ ಕಡಿಮೆಯಾಗುತ್ತದೆ. ಫ್ರಿಜ್ಜಿನ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚಿರಬಾರದು. ಹೊರಗೆ ಚಳಿಯಿದೆಯಲ್ಲ ಎಂದು ಗ್ಯಾರೇಜಿನಲ್ಲಿ ಇಡುವವರನ್ನು ನೋಡಿದ್ದೇನೆ, ಆದರೆ ಇಲ್ಲಿ ಡಿಸೆಂಬರಿನಲ್ಲೂ ಎಷ್ಟೋ ದಿನ ಹಗಲು ಹತ್ತು ಡಿಗ್ರಿಯ ಹತ್ತಿರ ಇರುತ್ತದೆ, ಅಕ್ಕಪಕ್ಕದ ಬೆಕ್ಕುಗಳ ಮಾತು ಬೇರೆ.

ಫ್ರಿಜ್ಜಿನಲ್ಲಿಟ್ಟದ್ದನ್ನು ಎರಡು ದಿನದೊಳಗೆ ತಿನ್ನಬೇಕೆಂದು ಇಲ್ಲಿಯ ಆಹಾರ ಸುರಕ್ಷತೆಯ ಸರ್ಕಾರಿ ಸಂಸ್ಥೆಯಾದ ಫುಡ್ ಸ್ಟ್ಯಾಂಡರ್ಡ್ಸ್ ಏಜೆನ್ಸಿ ಹೇಳುತ್ತದೆ, ಅಮೆರಿಕದ ಕೃಷಿ ಇಲಾಖೆ ಮೂರರಿಂದ ನಾಲ್ಕು ದಿನದವರೆಗೆ ಬಿಡುತ್ತದೆ. ನಾನು ಎರಡನೆಯ ದಿನಕ್ಕೇ ನಿಲ್ಲಿಸುತ್ತೇನೆ. ಅದಕ್ಕಿಂತ ಹೆಚ್ಚು ಉಳಿಯುವಂತೆ ಕಂಡರೆ ಮೊದಲ ದಿನವೇ ಕಾಲು ಕಿಲೋದಂತೆ ಚೀಲಗಳಲ್ಲಿ ತುಂಬಿ, ಗಾಳಿ ಹಿಂಡಿ, ಚಪ್ಪಟೆ ಮಾಡಿ, ತಾರೀಖು ಬರೆದು ಫ್ರೀಜರಿಗೆ ಹಾಕುವುದು ಉತ್ತಮ. ಎರಡು ಮೂರು ತಿಂಗಳಲ್ಲಿ ಬಳಸಿದರೆ ರುಚಿ ಕೆಡುವುದಿಲ್ಲ. ಬೇಕಾದಾಗ ಹಿಂದಿನ ರಾತ್ರಿ ಫ್ರಿಜ್ಜಿಗೆ ಇಳಿಸಿ, ಕರಗಿದ ಮೇಲೆ ಒಂದು ದಿನದೊಳಗೆ, ಹೊಗೆಯಾಡುವಷ್ಟು ಬಿಸಿ ಮಾಡಿ, ಒಂದೇ ಸಲ ಬಿಸಿ ಮಾಡಿ ತಿನ್ನಿ.

ಇನ್ನು ಅಡುಗೆ. ನಮ್ಮವರು ಇಲ್ಲಿ ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತಾರೆ: ಹಸಿ ಕೋಳಿಯನ್ನು ಬೇಯಿಸುವಂತೆ ಟರ್ಕಿಯನ್ನೂ ಮಸಾಲೆಯೊಂದಿಗೆ ಅರ್ಧ ಗಂಟೆ ಕುದಿಸುತ್ತಾರೆ. ಅದು ಆಗಲೇ ಬೆಂದ ಮಾಂಸ, ಇನ್ನೂ ಕುದಿಸಿದರೆ ತೆಂಗಿನ ನಾರಿನಂತಾಗುತ್ತದೆ. ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಚಕ್ಕೆ, ಲವಂಗ, ಕಾಯಿ ಎಲ್ಲ ಹುರಿದು ರುಬ್ಬಿದ ಮಸಾಲೆಯನ್ನು ಹಸಿ ವಾಸನೆ ಹೋಗುವವರೆಗೆ ಮೊದಲೇ ಕುದಿಸಿಕೊಂಡು, ಕೊನೆಯ ಐದು ನಿಮಿಷ ಇರುವಾಗ ತೊಡೆಯ ಮಾಂಸವನ್ನು ಹಾಕಿ, ಕುದಿ ಬಂದು ತುಂಡು ತುಂಡೂ ಒಳಗಿನವರೆಗೆ ಬಿಸಿಯಾದ ಮೇಲೆ ಇಳಿಸಿ. ಉಪ್ಪನ್ನು ರುಚಿ ನೋಡಿಯೇ ಹಾಕಿ, ಹಕ್ಕಿಗೂ ಗ್ರೇವಿಗೂ ಮೊದಲೇ ಉಪ್ಪು ಬಿದ್ದಿರುತ್ತದೆ. ಎದೆಮಾಂಸ ಸಾರಿಗೆ ಹೇಳಿಸಿದ್ದಲ್ಲ. ಅದನ್ನು ತೆಳ್ಳಗೆ ಹೆಚ್ಚಿ ಬ್ರೆಡ್ಡಿನ ನಡುವೆ ಕ್ರ್ಯಾನ್‌ಬೆರಿ ಸಾಸಿನೊಂದಿಗೆ ಇಡುವುದು ಇಲ್ಲಿಯ ಪದ್ಧತಿ, ನಮ್ಮ ಮನೆಯಲ್ಲಿ ಆ ಸಾಸಿನ ಜಾಗದಲ್ಲಿ ಮಾವಿನಕಾಯಿ ಉಪ್ಪಿನಕಾಯಿಯ ರಸ ಬಂದು ಕುಳಿತಿದೆ.

ಎಲುಬನ್ನು ಮಾತ್ರ ಎಸೆಯಬೇಡಿ. ಗೂಡನ್ನು ಮುರಿದು ಕುಕ್ಕರಿಗೆ ಹಾಕಿ, ಮುಳುಗುವಷ್ಟು ತಣ್ಣೀರು, ಒಂದು ಈರುಳ್ಳಿ, ಒಂದು ಕ್ಯಾರೆಟ್, ಹತ್ತು ಕಾಳುಮೆಣಸು ಸೇರಿಸಿ, ಮೊದಲ ಕೂಗಿನ ನಂತರ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬಿಡಿ. ಸೋಸಿದ ಪಾತ್ರೆಯನ್ನು ಸಿಂಕಿನ ತಣ್ಣೀರಿನಲ್ಲಿ ನಿಲ್ಲಿಸಿ ಬೇಗ ಆರಿಸಿ ಫ್ರಿಜ್ಜಿಗಿಟ್ಟರೆ, ಬೆಳಗ್ಗೆ ಮೇಲೆ ಕೊಬ್ಬು ಬಿಳಿ ಬಿಲ್ಲೆಯಂತೆ ಕಟ್ಟಿ ಕೆಳಗಿನ ರಸ ಅಲುಗಿಸಿದರೆ ತುಳುಕದೆ ನಡುಗುತ್ತದೆ. ಕೊಬ್ಬನ್ನು ಚಮಚದಲ್ಲಿ ಎತ್ತಿಹಾಕಿ, ಆ ರಸಕ್ಕೆ ಕುಟ್ಟಿದ ಮೆಣಸು, ಜೀರಿಗೆ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು 27ರ ರಾತ್ರಿ ರಾಗಿಮುದ್ದೆಯೊಂದಿಗೆ ಬಡಿಸುತ್ತೇನೆ. ಇಂಗ್ಲಿಷ್ ಸೊಸೆಯೂ ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕಲಿತದ್ದು ಈ ಸಾರಿನಿಂದಲೇ.